ದತ್ತು ಪಡೆಯುವ ಮುಂಚಿನ 10 ಗಂಟೆ ತರಬೇತಿ: ನಮ್ಮ ಅನುಭವ

ಭಾರತದಿಂದ ಮಗುವನ್ನು ದತ್ತು ತಗೊಳ್ಳಲು ಅರ್ಜಿ ಹಾಕಿದ್ದೇವೆ, ನಾವಿರುವುದು ನ್ಯೂಜೆರ್ಸಿಯಲ್ಲಿ. ಅಮೆರಿಕದ ನಿಯಮದಂತೆ ಮಗುವನ್ನು ಕರೆತರಲು ಹೊರಡುವ ಮುಂಚೆ ಕನಿಷ್ಠ 10 ಗಂಟೆ ತರಬೇತಿ ಮುಗಿಸಲೇಬೇಕು. ಹೋಮ್ ಸ್ಟಡಿ, ಅಂದರೆ ದತ್ತಿಗೆ ಮುಂಚೆ ನಮ್ಮ ಮನೆ, ಸಂಸಾರವನ್ನು ಪರಿಶೀಲಿಸುವುದು, ಇದರಲ್ಲಿ ಸೇರುವುದಿಲ್ಲ. ನಮ್ಮ ಏಜೆನ್ಸಿಯ ಆನ್‌ಲೈನ್ ಕೋರ್ಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಶುರುವಿನಲ್ಲಿ ಇದೆಲ್ಲ ಸುಮ್ನೆ ಸರ್ಟಿಫಿಕೇಟ್‌ಗೋಸ್ಕರ ಅಂದುಕೊಂಡಿದ್ದೆ. ಬಾಂಧವ್ಯದ ಭಾಗ ನೋಡಿದ ಮೇಲೆ ಆ ಮಾತು ವಾಪಸ್ ತಗೊಂಡೆ. ಸಂಸ್ಥೆಯಲ್ಲಿ ಬೆಳೆದ ಮಗು ಪಾಳಿ ಬದಲಾದಂತೆ ಬೇರೆ ಬೇರೆ ಆಯಾಗಳ ಕೈಯಲ್ಲಿ ಉಂಡಿರುತ್ತದೆ, ಹಾಗಾಗಿ ಸಿಕ್ಕವರ ತೊಡೆ ಮೇಲೆಲ್ಲ ನಗುತ್ತಾ ಕೂತರೆ ಅದು ಹೊಂದಿಕೊಂಡಿದೆ ಅಂತಲ್ಲ, ತನ್ನವರು ಯಾರು ಅಂತ ಅದಕ್ಕಿನ್ನೂ ಗೊತ್ತಾಗದೆಯೂ ಇರಬಹುದು. ಮೊದಮೊದಲು ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ಎಲ್ಲ ಅಪ್ಪ ಅಮ್ಮನೇ ಮಾಡಿ ಅಂತಾರೆ. ನಮ್ಮ ಮನೆಗಳಲ್ಲಿ ಇದು ಎಷ್ಟು ಕಷ್ಟ ಅಲ್ವಾ? ಮಗು ಬಂತು ಅಂದರೆ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರೂ ಎತ್ತಿಕೊಳ್ಳಬೇಕು, ಬಾಯಿಗೆ ಏನಾದರೂ ಇಡಬೇಕು. ಊಟ ಬಚ್ಚಿಡುವ ಅಭ್ಯಾಸದ ಬಗ್ಗೆಯೂ ಚೆನ್ನಾಗಿ ಹೇಳಿದ್ದಾರೆ. ದಿಂಬಿನ ಕೆಳಗೆ ಬಿಸ್ಕತ್ತು ಸಿಕ್ಕರೆ ಬೈಯಬೇಡಿ, ಮಗುವಿನ ಕೈಗೆಟುಕುವ ಕಡೆ ಒಂದು ಡಬ್ಬಿ ತುಂಬಿಡಿ ಅಂತ. ನಾವು ಡಬ್ಬಿ ತಂದಾಯಿತು.

ಬೇಸರವಾಗಿದ್ದು ಭಾರತದ ಕಾನೂನಿನ ಭಾಗ. ತುಂಬಾ ಹಳೇದು. ದತ್ತು ಆದೇಶ ಕೋರ್ಟ್ ಕೊಡುತ್ತದೆ ಅಂತ ಇನ್ನೂ ಹೇಳುತ್ತಾರೆ, ಆದರೆ 2022ರ ಸೆಪ್ಟೆಂಬರ್‌ನಿಂದ ಅದನ್ನು ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಕಡೆಯ ಡಿಸಿ. ಅದೇ ತಿಂಗಳು ಹೊಸ ದತ್ತು ನಿಯಮಗಳೂ ಬಂದವು. ಮೇಲ್ ಹಾಕಿದೆವು, ಸರಿಪಡಿಸುತ್ತೇವೆ ಅಂದರು, ನಾವು ಮುಗಿಸುವವರೆಗೂ ಹಾಗೇ ಇತ್ತು. ಮಗು ಬಂದ ಮೇಲೆ ಅದು ಹೇಗಿದೆ ಅಂತ 2 ವರ್ಷ ವರದಿ ಕಳಿಸಬೇಕು, ಮೊದಲ ವರ್ಷ 3 ತಿಂಗಳಿಗೊಂದು, ಆಮೇಲೆ 6 ತಿಂಗಳಿಗೊಂದು. ಅದಕ್ಕೂ ಒಂದೇ ಸ್ಲೈಡು. ದುಡ್ಡು ಕಟ್ಟುವ ಮುಂಚೆ ಕೋರ್ಸನ್ನು ಕೊನೆಯದಾಗಿ ಯಾವಾಗ ತಿದ್ದಿದ್ದು ಅಂತ ಕೇಳಿ.

ಭಾಷೆಯ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕಿತ್ತು. ನಾವು ಕನ್ನಡದವರು ಅಂತ ಕನ್ನಡದ ಮಗುವೇ ಸಿಗುತ್ತದೆ ಅಂತೇನಿಲ್ಲ. ಒಡಿಯಾ ಇರಬಹುದು, ಮರಾಠಿ ಇರಬಹುದು. ಹಸಿವು, ನೀರು, ನೋವು, ಉಚ್ಚೆ, ಇಷ್ಟನ್ನಾದರೂ ಮಗುವಿನ ಮಾತಿನಲ್ಲೇ ಕಲಿತು ಹೋಗಬೇಕು ಅಂತ ನಾವೇ ತೀರ್ಮಾನಿಸಿದ್ದೇವೆ.

ಬಾಂಧವ್ಯದ ಭಾಗವನ್ನು ಈಗ ಎರಡನೇ ಸಲ ನೋಡುತ್ತಿದ್ದೇವೆ, ಹಾಸನದಲ್ಲಿರುವ ಅಮ್ಮನನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು, ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ. "ಹಾಗಾದ್ರೆ ನಾನು ಯಾವಾಗ ಎತ್ಕೊಬಹುದು?" ಅಂತ ಅಮ್ಮ ಎರಡು ಸಲ ಕೇಳಿದರು.