ಬಾಕ್ಸ್, ರೆಡಿಮೇಡ್ ಮ್ಯಾಪ್, ಕಸ್ಟಮ್ ಮ್ಯಾಪ್: ಒಂದೇ ಪೋಲೋದಲ್ಲಿ ಮೂರೂ

ನನ್ನದು ಪೋಲೋ 1.0 ಟಿಎಸ್‌ಐ, ಮ್ಯಾನುಯಲ್. ಕಂಪನಿ ಲೆಕ್ಕದಲ್ಲಿ 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್. ಇದಕ್ಕೆ ಮೂರು ಬಗೆಯ ಟ್ಯೂನಿಂಗ್, ಅಂದರೆ ಇಂಜಿನ್ನಿನ ಪವರ್ ಏರಿಸುವ ಕೆಲಸ, ಮಾಡಿಸಿ ನೋಡಿದ್ದೇನೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಪವರ್ ಜಾಸ್ತಿ ಅಂತ ಆಗ ನಂಬಿದ್ದೆ.

ಮೊದಲು ಹಾಕಿಸಿದ್ದು ಟ್ಯೂನಿಂಗ್ ಬಾಕ್ಸ್. ಬಾನೆಟ್ ಎತ್ತಿ, ಸೆನ್ಸರ್ ವೈರಿನ ನಡುವೆ ಸಿಕ್ಕಿಸಿದರೆ ಮುಗಿಯಿತು. ಇದು ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಸುಳ್ಳು ಹೇಳುತ್ತದೆ. ಬೂಸ್ಟ್ (ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಇರುವುದಕ್ಕಿಂತ ಕಮ್ಮಿ ಅಂತ ತೋರಿಸುತ್ತದೆ. ಇಸಿಯು ಪಾಪ, ನಂಬಿ ಇನ್ನಷ್ಟು ಏರಿಸುತ್ತದೆ. 'ಯಾವಾಗ ಬೇಕಾದರೂ ಬಿಚ್ಚಬಹುದು, ಹಾಗಾಗಿ ಸೇಫ್' ಅನ್ನುತ್ತಾರೆ. ಬಿಚ್ಚುವುದೇನೋ ಸುಲಭ. ಆದರೆ ಓಡಿಸುವಾಗ ಇಂಜಿನ್ನಿಗೆ ಬೀಳುವ ಹೊರೆ ಸುಳ್ಳಲ್ಲ, ಅಲ್ವಾ? ಟ್ರಾಫಿಕ್‌ನಲ್ಲಿ ಗಾಡಿ ಜಗ್ಗುತ್ತಿತ್ತು. ಎರಡೇ ತಿಂಗಳಿಗೆ ತೆಗೆಸಿದೆ.

ಆಮೇಲೆ ರೆಡಿಮೇಡ್ ಮ್ಯಾಪ್, ಹೆಸರು 'ಸ್ಟೇಜ್ 1'. ಮ್ಯಾಪ್ ಅಂದರೆ ಎಷ್ಟು ಬೂಸ್ಟ್, ಎಷ್ಟು ಪೆಟ್ರೋಲ್, ಯಾವಾಗ ಸ್ಪಾರ್ಕ್ ಅಂತ ಇಸಿಯು ಒಳಗಿರುವ ಲೆಕ್ಕ. ಐಎಸ್‌ಐ ಗುರುತಿನ ಹಾಗೆ ಇದಕ್ಕೂ ಒಂದು ಅಳತೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಒಬ್ಬೊಬ್ಬ ಟ್ಯೂನರ್‌ಗೆ ಅದರ ಅರ್ಥ ಒಂದೊಂದು. ಪಿಕಪ್ ಮಾತ್ರ ಸಖತ್ತಾಗಿತ್ತು. ನೆಲಮಂಗಲ ದಾಟಿದರೆ ತಾನಾಗೇ ನಗು ಬರುತ್ತಿತ್ತು! ಆದರೆ ಆ ಮ್ಯಾಪ್ ಬರೆದದ್ದು ಹೆಚ್ಚು ಆಕ್ಟೇನಿನ ಪೆಟ್ರೋಲಿಗೆ. ಮಾಮೂಲಿ ಪೆಟ್ರೋಲ್ ಹಾಕಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿದೆ. ಆಕ್ಟೇನ್ ಕಮ್ಮಿಯಾದರೆ ನಾಕಿಂಗ್, ಅಂದರೆ ಪೆಟ್ರೋಲ್ ಇಂಜಿನ್ನೊಳಗೆ ತಾನಾಗೇ ಸಿಡಿಯುವುದು, ಸುಲಭ. ಅದನ್ನು ತಡೆಯಲು ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯತೊಡಗಿತು, ಸ್ಪಾರ್ಕ್ ತಡವಾಯಿತು. ದುಡ್ಡು ಕೊಟ್ಟ ಪವರ್ ಅರ್ಧ ದಾರಿಯಲ್ಲೇ ಮಾಯ. ಮೇಲಿಂದ ಕ್ಲಚ್ ಬೇರೆ ಜಾರತೊಡಗಿತು. ನಾಲ್ಕನೇ ಗೇರಿನಲ್ಲಿ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ.

ಕೊನೆಗೆ ಕಸ್ಟಮ್, ಅಂದರೆ ನನ್ನ ಗಾಡಿಗೇ ಅಂತ ಬರೆಯುವ ಮ್ಯಾಪ್. ಮೊದಲ ದಿನ ಟ್ಯೂನರ್ ಮ್ಯಾಪ್ ಮುಟ್ಟಲೇ ಇಲ್ಲ. ಡೈನೋ (ಚಕ್ರದಲ್ಲಿ ಪವರ್ ಅಳೆಯುವ ಯಂತ್ರ) ಹತ್ತಿಸಿ, ಸೆನ್ಸರ್ ಅಂಕಿಗಳ ಲಾಗ್ ತೆಗೆದರು. ಸ್ಪಾರ್ಕ್ ಪ್ಲಗ್ ಸವೆದಿತ್ತು, ಟರ್ಬೊ ಪೈಪಿನ ಜಾಯಿಂಟಿನಲ್ಲಿ ಗಾಳಿ ಸೋರುತ್ತಿತ್ತು. "ಇವೆರಡು ಸರಿಮಾಡಿಸಿ, ಕ್ಲಚ್ ಬದಲಿಸಿ ಬನ್ನಿ ಸರ್" ಅಂತ ವಾಪಸ್ ಕಳಿಸಿದರು. ಸಿಟ್ಟು ಬಂತು, ನಿಜ ಹೇಳಬೇಕೆಂದರೆ.

ಎರಡನೇ ಸಲ ಹೋದಾಗ ಯಾವ ಪೆಟ್ರೋಲ್, ಎಲ್ಲಿ ಹೆಚ್ಚು ಓಡಾಟ ಅಂತೆಲ್ಲ ಕೇಳಿದರು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ ಸಿಗುವಷ್ಟೇ ಒತ್ತಡ ಕೊಡಲು ಇಲ್ಲಿ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಅದಕ್ಕೇ ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಇಳಿಸಿದರು. ಕಡೆಗೆ ಬಂದ ಪವರ್ ಸ್ಟೇಜ್ 1 ಜಾಹೀರಾತಿನ ಅಂಕಿಗಿಂತ ಕಮ್ಮಿ. ಆದರೆ ಆ ಅಂಕಿ ಇಂಜಿನ್ನಿನದು, ಇದು ಚಕ್ರದ್ದು; ನಡುವೆ ಗೇರ್‌ಬಾಕ್ಸ್ ಸ್ವಲ್ಪ ಪವರ್ ತಿನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡುವವರೇ ಜಾಸ್ತಿ. ಅದೇ ಘಾಟಿಯನ್ನು ಈಗ ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತೇನೆ.

ವಾರಂಟಿ, ಇನ್ಶೂರೆನ್ಸ್ ತಕರಾರು ಮೂರಕ್ಕೂ ಬರಬಹುದು, ಕಸ್ಟಮ್ ಅಂತ ರಿಯಾಯಿತಿ ಇಲ್ಲ.

ನನಗೆ ಕಸ್ಟಮ್ಮೇ ಹಿಡಿಸಿತು. ಬಾಕ್ಸ್ ಯಾರಿಗೂ ಹೇಳುವುದಿಲ್ಲ. ರೆಡಿಮೇಡಿಗೆ ಮಾತ್ರ ಸ್ವಲ್ಪ ಅನ್ಯಾಯ ಮಾಡಿದ್ದೇನೆ. ಹೊಸ ಪ್ಲಗ್, ಹೊಸ ಕ್ಲಚ್, 95 ಆಕ್ಟೇನ್ ಪೆಟ್ರೋಲ್ ಕೊಟ್ಟು ಅದನ್ನು ಓಡಿಸಿ ನೋಡಲೇ ಇಲ್ಲ.