ಲ್ಯಾಕ್ ಆಪೆರಾನ್ ಕಿಟ್: ಬೋರ್ಡ್ ಮೇಲಿನ ಚಿತ್ರ ಟ್ಯೂಬಿನೊಳಗೆ ಕಂಡಿತು

ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಲ್ಯಾಕ್ ಆಪೆರಾನ್ ಅಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಳಸಲು ಬ್ಯಾಕ್ಟೀರಿಯಾದಲ್ಲಿರುವ ಜೀನ್‌ಗಳ ಗುಂಪು. ಅದರ ಚಿತ್ರವನ್ನು 11 ವರ್ಷ ಬೋರ್ಡ್ ಮೇಲೆ ಬರೆದಿದ್ದೇನೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಅಷ್ಟೇ. ಈ ಸಲ ಪ್ರಯೋಗದ ಕಿಟ್ ತರಿಸಿದೆವು.

ಮೊದಲು ಬೇಸರದ ವಿಷಯ ಹೇಳಿಬಿಡುತ್ತೇನೆ. ಮೇ ತಿಂಗಳ ಬಿಸಿಲಲ್ಲಿ ಐಸ್ ಪ್ಯಾಕ್ ಇಲ್ಲದೆ ಬಂತು. ಓಎನ್‌ಪಿಜಿ ದ್ರಾವಣಕ್ಕೆ ಬಣ್ಣ ಇರಬಾರದು; ಲ್ಯಾಕ್ಟೋಸ್ ಒಡೆಯುವ ಎನ್‌ಜೈಮ್ ಅದನ್ನು ಒಡೆದಾಗ ಮಾತ್ರ ಹಳದಿ ಬರಬೇಕು. ಬಾಟಲಿ ತೆರೆಯುವ ಮೊದಲೇ ಹಳದಿಯಾಗಿತ್ತು. ಹಳದಿ ಬರುತ್ತದೋ ಇಲ್ಲವೋ ಎಂದು ನೋಡುವುದೇ ಪ್ರಯೋಗ ಅಲ್ವಾ? ಬೇರೆ ಬಾಟಲಿ ಬರಲು 12 ದಿನ ಹಿಡಿಯಿತು.

ಆಮೇಲೆ ನಡೆದದ್ದು ಮಾತ್ರ ತುಂಬಾ ಚೆನ್ನಾಗಿತ್ತು. ಗ್ಲಿಸರಾಲ್ ಮೇಲೆ ಬೆಳೆದ ಇ. ಕೋಲಿ ಬ್ಯಾಕ್ಟೀರಿಯಾವನ್ನು ನಾಲ್ಕು ಟ್ಯೂಬಿಗೆ ಹಂಚಿದೆವು. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಲ್ಯಾಕ್ಟೋಸ್, ಇನ್ನೊಂದಕ್ಕೆ ಐಪಿಟಿಜಿ (ಇದೇ ಜೀನ್‌ಗಳನ್ನು ಚಾಲೂ ಮಾಡುವ, ಆದರೆ ಬ್ಯಾಕ್ಟೀರಿಯಾ ಒಡೆಯಲಾಗದ ಕೃತಕ ವಸ್ತು), ಕೊನೆಯದಕ್ಕೆ ಲ್ಯಾಕ್ಟೋಸ್ ಜೊತೆ ಗ್ಲೂಕೋಸ್. 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬ್ಯಾಕ್ಟೀರಿಯಾದ ಹೊದಿಕೆಯಲ್ಲಿ ತೂತಾಗಲೆಂದು ಒಂದೊಂದು ಹನಿ ಟಾಲುಯೀನ್ ಹಾಕಿ ಕುಲುಕಿ, ಓಎನ್‌ಪಿಜಿ ಸೇರಿಸಿದೆವು. ಹಿಂದೆ ಬಿಳಿ ಹಾಳೆ ಹಿಡಿದೆವು. ಲ್ಯಾಕ್ಟೋಸ್ ಮತ್ತು ಐಪಿಟಿಜಿ ಟ್ಯೂಬುಗಳು ಕಣ್ಣೆದುರೇ ಹಳದಿಯಾದವು. ಗ್ಲೂಕೋಸ್ ಬೆರೆಸಿದ್ದು ಬೆಳ್ಳಗೇ ಉಳಿಯಿತು. ಸೋಡಿಯಂ ಕಾರ್ಬೋನೇಟ್ ಹಾಕಿ ನಿಲ್ಲಿಸಿದಾಗ ಹಳದಿ ಇನ್ನೂ ಗಾಢವಾಯಿತು.

"ಮೇಡಂ, ಗ್ಲೂಕೋಸ್ ಸಿಕ್ಕರೆ ಇದಕ್ಕೆ ಹಾಲಿನ ಸಕ್ಕರೆ ಬೇಡ್ವಾ?" ಎಂದು ಒಬ್ಬ ಹುಡುಗಿ ಕೇಳಿದಳು. 11 ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಜಾಕೋಬ್ ಮತ್ತು ಮೊನೊ 1961ರಲ್ಲಿ ಹೇಳಿದ ಮಾತು ಇದೇ. ಲ್ಯಾಕ್ಟೋಸ್ ಬಳಸಲು ಸಂಬಂಧಪಟ್ಟ ಮೂರು ಜೀನ್ ಸಾಲಾಗಿ ಕೂತಿವೆ, ಒಂದೇ ಆರ್‌ಎನ್‌ಎಯಾಗಿ ಓದಲ್ಪಡುತ್ತವೆ. ಮುಂದೆ ಅವನ್ನು ಓದದಂತೆ ತಡೆಯುವ ರಿಪ್ರೆಸರ್ ಎಂಬ ಚಿಲಕ. ಚಿಲಕ ತೆಗೆದರೆ ಸಾಲದು, ಬಾಗಿಲು ತಳ್ಳುವವರೂ ಬೇಕು. ಆಮೇಲೆ ಗೊತ್ತಾದಂತೆ, ಆ ಕೆಲಸ ಸಿಎಎಂಪಿ ಎಂಬ ಸಂದೇಶದ ಅಣುವಿನ ಜೊತೆ ಸೇರಿದ ಸಿಆರ್‌ಪಿ ಪ್ರೋಟೀನಿನದು. ಗ್ಲೂಕೋಸ್ ಇದ್ದಾಗ ಸಿಎಎಂಪಿ ಕಡಿಮೆ. ಜೊತೆಗೆ ಲ್ಯಾಕ್ಟೋಸ್ ಒಳಗೆ ಬರುವುದಕ್ಕೇ ತಡೆ.

ಇದನ್ನು ಬಿಡಿಸಿ ನೋಡಲು ನಾನು ಕಿಟ್‌ನಲ್ಲಿಲ್ಲದ ಐದನೇ ಟ್ಯೂಬ್ ಮಾಡಿದೆ: ಐಪಿಟಿಜಿ ಜೊತೆ ಗ್ಲೂಕೋಸ್. ಐಪಿಟಿಜಿಗೆ ಲ್ಯಾಕ್ಟೋಸ್ ಒಳಬರುವ ಆ ದಾರಿಯ ಹಂಗಿಲ್ಲ. ನಡುವಿನ ಹಳದಿ ಬಂತು. ನೀವೂ ಖಂಡಿತ ಮಾಡಿ.

ಕೈಪಿಡಿಯಲ್ಲಿ ಒಂದು ತಪ್ಪಿದೆ. ಲ್ಯಾಕ್ಟೋಸೇ ಚಿಲಕ ತೆಗೆಯುತ್ತದೆ ಎಂದು ಬರೆದಿದ್ದಾರೆ. ತೆಗೆಯುವುದು ಲ್ಯಾಕ್ಟೋಸ್‌ನಿಂದಲೇ ಆಗುವ ಅಲೋಲ್ಯಾಕ್ಟೋಸ್ ಎಂಬ ಸಕ್ಕರೆ. ಅದನ್ನು ಮಾಡುವುದೂ ಲ್ಯಾಕ್ಟೋಸ್ ಒಡೆಯುವ ಬೀಟಾ ಗ್ಯಾಲಕ್ಟೋಸಿಡೇಸ್ ಎಂಬ ಅದೇ ಎನ್‌ಜೈಮ್. ಬಾಗಿಲು ಮುಚ್ಚಿದ್ದಾಗಲೂ ಆ ಎನ್‌ಜೈಮ್ ಒಂದಿಷ್ಟು ತಯಾರಾಗುತ್ತಲೇ ಇರುತ್ತದೆ. ಅದಿಲ್ಲದಿದ್ದರೆ ಲ್ಯಾಕ್ಟೋಸ್ ಬಂದಿದ್ದೇ ಗೊತ್ತಾಗುವುದಿಲ್ಲ. ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಕೈಪಿಡಿ ಇದನ್ನೇ ಬಿಟ್ಟಿದೆ.

ಮುಂದಿನ ಸೆಮಿಸ್ಟರ್‌ಗೆ ಇನ್ನೆರಡು ಕಿಟ್‌ಗೆ ಇಂಡೆಂಟ್ ಹಾಕಿದ್ದೇನೆ. ಓಎನ್‌ಪಿಜಿಯನ್ನು ದ್ರಾವಣವಾಗಿ ಬೇಡ, ಪುಡಿಯಾಗಿಯೇ ಕಳಿಸಿ ಎಂದು ಅದರಲ್ಲೇ ಬರೆದಿದ್ದೇನೆ.