ಮಿಲ್‌ಡ್ರೆಡ್‌ಳ ಮಾತು, ಮಾರ್ಜ್‌ಳ ಕಿವಿ

ಅಮೆರಿಕದ ಕಪ್ಪು ಲೇಖಕಿ ಆಲಿಸ್ ಚಿಲ್ಡ್ರೆಸ್ ಅವರ ‘ಲೈಕ್ ಒನ್ ಆಫ್ ದಿ ಫ್ಯಾಮಿಲಿ’ (ಮನೆಯವಳ ಹಾಗೆ) ಪುಸ್ತಕವಾಗಿ ಬಂದದ್ದು 1956ರಲ್ಲಿ. ಅದಕ್ಕೆ ಮುಂಚೆ ಇದರ ಬರಹಗಳು ಗಾಯಕ, ಹೋರಾಟಗಾರ ಪಾಲ್ ರಾಬ್ಸನ್ ಅವರ ‘ಫ್ರೀಡಂ’ ಪತ್ರಿಕೆಯಲ್ಲಿ ಅಂಕಣವಾಗಿ ಪ್ರಕಟವಾಗುತ್ತಿದ್ದವು. ನ್ಯೂಯಾರ್ಕಿನ ಬಿಳಿಯರ ಮನೆಗಳಲ್ಲಿ ದುಡಿಯುವ ಮಿಲ್‌ಡ್ರೆಡ್ ಎಂಬ ಕಪ್ಪು ಹೆಂಗಸು, ತನ್ನಂತೆಯೇ ಮನೆಗೆಲಸ ಮಾಡುವ ಗೆಳತಿ ಮಾರ್ಜ್‌ಳ ಮುಂದೆ ದಿನದ ಪ್ರಸಂಗಗಳನ್ನು ಹೇಳಿಕೊಳ್ಳುತ್ತಾಳೆ. ಚೌಕಟ್ಟು ಇಷ್ಟೇ; ಮಾರ್ಜ್ ಏನು ಉತ್ತರಿಸಿದಳೆಂಬುದನ್ನು ಮಿಲ್‌ಡ್ರೆಡ್‌ಳ ಮಾತಿನಿಂದಲೇ ನಾವು ಊಹಿಸಿಕೊಳ್ಳಬೇಕು.

ಮೊದಲ ಪ್ರಸಂಗದಲ್ಲಿ ಮನೆಯೊಡತಿ ಬಂದ ಅತಿಥಿಯ ಮುಂದೆ, ಇವಳು ನಮ್ಮ ಮನೆಯವಳೇ ಆಗಿಬಿಟ್ಟಿದ್ದಾಳೆ, ಇವಳಿಲ್ಲದೆ ನಮಗೆ ನಡೆಯುವುದೇ ಇಲ್ಲ ಎಂದು ಹೊಗಳುತ್ತಾಳೆ. ಅತಿಥಿ ಹೊರಟ ಮೇಲೆ ಮಿಲ್‌ಡ್ರೆಡ್ ಕುರ್ಚಿ ಎಳೆದುಕೊಂಡು ಕೂತು ಲೆಕ್ಕ ಒಪ್ಪಿಸುತ್ತಾಳೆ: ಮನೆಯವರು ಊಟದ ಕೋಣೆಯಲ್ಲಿ ಉಣ್ಣುತ್ತಾರೆ, ನಾನು ಅಡುಗೆಮನೆಯಲ್ಲಿ, ನಾಳೆ ನಾನು ಸತ್ತುಬಿದ್ದರೆ ನೀವು ಇನ್ನೊಬ್ಬಳನ್ನು ಹುಡುಕಿಕೊಳ್ಳುತ್ತೀರಿ. ಕಡಿಮೆ ಸಂಬಳದ ಮೇಲೆ ಹೊದಿಸಿದ ಪ್ರೀತಿಯ ಮಾತನ್ನು ಇಷ್ಟು ನಗುನಗುತ್ತಾ ಕಿತ್ತೆಸೆಯುವ ಬರಹ ನನಗೆ ಬೇರೆ ಸಿಕ್ಕಿಲ್ಲ. (‘ನಮ್ಮ ಮನೆ ಮಗಳ ಹಾಗೆ’ ಎಂಬ ಮಾತು ನಮ್ಮಲ್ಲೂ ಧಾರಾಳ, ಅಂಥ ಮನೆಗಳಲ್ಲೇ ಕೆಲಸದವಳ ಲೋಟ ಹಿತ್ತಲ ಕಿಟಕಿಯಲ್ಲಿ ಬೇರೆಯಾಗಿ ಕವುಚಿರುವುದನ್ನು ನೋಡಿದ್ದೇನೆ.)

ಇನ್ನೊಂದು ಪ್ರಸಂಗದ ಒಡತಿ, ಮಿಲ್‌ಡ್ರೆಡ್ ಇರುವಷ್ಟು ಹೊತ್ತೂ ಕೈಚೀಲವನ್ನು ಬಿಡದೆ ಹಿಡಿದುಕೊಂಡೇ ಓಡಾಡುತ್ತಾಳೆ. ಒಂದು ದಿನ ಹೊರಗೆ ಹೋದ ಮಿಲ್‌ಡ್ರೆಡ್ ಏದುಸಿರು ಬಿಡುತ್ತಾ ಓಡಿಬಂದು ತನ್ನ ಚೀಲವನ್ನು ಎತ್ತಿಕೊಳ್ಳುತ್ತಾಳೆ. ಒಡತಿ ಮುಜುಗರಪಟ್ಟಾಗ, ನೀವು ಕೊಡುವಷ್ಟು ಕಡಿಮೆ ಸಂಬಳವನ್ನು ನಾನು ಯಾರಿಗಾದರೂ ಕೊಡುತ್ತಿದ್ದರೆ ನಾನೂ ಚೀಲ ಹಿಡಿದುಕೊಂಡೇ ಇರುತ್ತಿದ್ದೆ ಎನ್ನುತ್ತಾಳೆ. ಕಪ್ಪು ಮೈಬಣ್ಣದ ಮೇಲಿನ ಅನುಮಾನವನ್ನೂ ಕೂಲಿಯ ಜಿಪುಣತನವನ್ನೂ ಒಂದೇ ವಾಕ್ಯ ಹೀಗೆ ಗಂಟುಹಾಕುತ್ತದೆ. ಆ ಗಂಟು ಅಮೆರಿಕದ ಕಾನೂನಿನಲ್ಲೂ ಇತ್ತು: 1935ರ ಸಾಮಾಜಿಕ ಭದ್ರತಾ ಕಾಯ್ದೆ ಮನೆಗೆಲಸದವರನ್ನು ಹೊರಗಿಟ್ಟಿತ್ತು, 1938ರ ಕನಿಷ್ಠ ವೇತನದ ರಕ್ಷಣೆ ಅವರಿಗೆ ವಿಸ್ತರಿಸಿದ್ದು 1974ರಲ್ಲಿ. ಮಿಲ್‌ಡ್ರೆಡ್‌ಳಿಗೆ ನಾಲಿಗೆಯೊಂದೇ ಆಯುಧವಾಗಿರುವುದು ಲೇಖಕಿಯ ಚಮತ್ಕಾರವಷ್ಟೇ ಅಲ್ಲ.

2009ರ ‘ದಿ ಹೆಲ್ಪ್’ ಕಾದಂಬರಿಯಲ್ಲಿ ಕೆಲಸದವರ ಕತೆಗಳನ್ನು ಬರೆದು ಅಚ್ಚಿಗೆ ತರುವವಳು ಬಿಳಿಯ ಯುವತಿ. ಚಿಲ್ಡ್ರೆಸ್ ಅವರಲ್ಲಿ ಹೇಳುವವಳೂ ಕೇಳುವವಳೂ ಕೆಲಸದವರೇ ಆದ್ದರಿಂದ ಯಾರ ಮನ ಒಲಿಸಬೇಕಾದ ಒತ್ತಡವೂ ಇಲ್ಲ, ಕಣ್ಣೀರಿನ ಪ್ರದರ್ಶನವೂ ಇಲ್ಲ. ಸ್ವತಃ ಮನೆಗೆಲಸ ಮಾಡಿದ್ದ ಲೇಖಕಿಗೆ ಆ ಹರಟೆಯ ಲಯ ಚೆನ್ನಾಗಿ ಗೊತ್ತು.

ಕೊರತೆಯೂ ಉಂಟು. ಮಿಲ್‌ಡ್ರೆಡ್ ಹೆಚ್ಚುಕಡಿಮೆ ಪ್ರತಿ ಸಲವೂ ಗೆಲ್ಲುತ್ತಾಳೆ. ಅಷ್ಟು ಮಾತಾಡಿದವಳ ಕೆಲಸ ಉಳಿಯುವುದು ಹೇಗೆ, ತಿಂಗಳ ಬಾಡಿಗೆ ಹುಟ್ಟುವುದು ಎಲ್ಲಿಂದ ಎಂಬ ಪ್ರಶ್ನೆ ಓದುತ್ತಾ ಹೋದಂತೆ ಕಾಡುತ್ತದೆ. ಬಹುಶಃ ಅವಳು ಎದುರಿಗೆ ಆಡಲಾಗದ್ದನ್ನೂ ಆಡಿದೆನೆಂದು ಗೆಳತಿಗೆ ಹೇಳುತ್ತಿರಬಹುದು. ಹಾಗೆ ಓದಿಕೊಂಡರೆ ಈ ಗೆಲುವುಗಳ ಹಿಂದಿನ ನೋವು ಹೆಚ್ಚು ಕಾಣುತ್ತದೆ. ಅಂಕಣಗಳಾಗಿ ಹುಟ್ಟಿದ ಬರಹಗಳಾದ್ದರಿಂದ ಒಂದೇ ಪಟ್ಟಿಗೆ ಓದಿದರೆ ಪಲ್ಲವಿ ಮರುಕಳಿಸಿದಂತೆ ಅನ್ನಿಸುತ್ತದೆ. ಪ್ರಸಂಗಗಳು ಪುಟ್ಟವು, ದಿನಕ್ಕೆ ಎರಡೋ ಮೂರೋ ಸಾಕು. 2017ರಲ್ಲಿ ಬೀಕನ್ ಪ್ರೆಸ್ ಇದನ್ನು ಲೇಖಕಿ ರಾಕ್ಸೇನ್ ಗೇ ಅವರ ಮುನ್ನುಡಿಯೊಂದಿಗೆ ಮರುಮುದ್ರಿಸಿದೆ. ಕೊಳ್ಳುವವರು ಆ ಪ್ರತಿಯನ್ನೇ ಕೊಳ್ಳಬಹುದು.